ಬೆನ್ನ ಹಿಂದೆ ಬಂದ ಬೆಳಕು

ನವೆಂಬರ್ ೧೪, ಶುಕ್ರವಾರ

ಎದೆಬಡಿತ ಇನ್ನೂ ಇಳಿದಿಲ್ಲ. ಬರೆದರಾದರೂ ನಿದ್ದೆ ಬರುತ್ತದೋ ನೋಡಬೇಕು.

ತೆಕ್ಕಟ್ಟೆಯಲ್ಲಿ ಬಸ್ಸಿಳಿದಾಗ ಕತ್ತಲಾಗಿತ್ತು, ಕರೆಂಟೂ ಇರಲಿಲ್ಲ. ನನ್ನ ಜೊತೆ ಇಳಿದದ್ದು ಒಬ್ಬರೇ. ದಿನಾ ಇದೇ ಬಸ್ಸಿಗೆ ಬರುವ, ಹೆಂಗಸರು ನಿಂತಿದ್ದರೆ ಎದ್ದು ಸೀಟು ಬಿಟ್ಟುಕೊಡುವ ಆ ಗಡ್ಡದವರು. ಹೆಸರು ಗೊತ್ತಿಲ್ಲ. ಗದ್ದೆಯ ದಾರಿ ಹಿಡಿದೆ. ಹಿಂದೆ ಟಾರ್ಚಿನ ಬೆಳಕು ಬಂತು. ನಾನು ಬೇಗ ನಡೆದರೆ ಅದೂ ಬೇಗ ಬಂತು.

“ಹ್ವಾಯ್, ಹೆದ್ರಬೇಡಿ ಅಕ್ಕಾ. ಮುಂದೆ ನಾಯಿ ಇತ್ತ್. ನೀವ್ ಮನಿ ಮುಟ್ಟುವರೆಗೆ ನಾ ಹಿಂದ್ ಬತ್ತೆ.”

ಕಿರುಚಿಕೊಂಡು ಓಡಿದೆ.

ಪಕ್ಕದ ಮನೆಯ ಸುಬ್ಬಣ್ಣ ಹೊರಗೆ ಬಂದವರೇ ನನ್ನ ಹಿಂದೆಯೇ ಬಂದ ಗಡ್ಡದವರ ಅಂಗಿ ಹಿಡಿದರು. “ಕತ್ಲೆಯಂಗೆ ಹೆಂಗ್ಸ್ರ ಹಿಂದೆ ಬಪ್ಪುದ್ ಎಂತಕ್ಕೆ?” ಗಡ್ಡದವರು ನನ್ನನ್ನೇ ನೋಡಿದರು. ಅವರ ಮುಖದಲ್ಲಿದ್ದದ್ದೂ ಹೆದರಿಕೆಯೇ.

“ಬಿಡಿ ಸುಬ್ಬಣ್ಣ, ಅವ್ರ್ ಎಂತ ಮಾಡ್ಲಿಲ್ಲ” ಎಂದೆ. ಅಷ್ಟು ಹೇಳಲು ಯಾಕೆ ಅಷ್ಟು ಹೊತ್ತು ಬೇಕಾಯಿತು?

“ಪಾಪ, ಒಳ್ಳೆ ಮನ್ಸಂಗೆ ಬಂದದ್ದ್ ಆಯ್ಕ್” ಎನ್ನುತ್ತಾರೆ ಅತ್ತೆ. ಇರಬಹುದು. ಆದರೆ ಕತ್ತಲಲ್ಲಿ ಹಿಂದೆ ಬರುವವರ ಮನಸ್ಸನ್ನು ತಿರುಗಿ ನೋಡಿ ತಿಳಿಯುವುದು ಹೇಗೆ? ಒಮ್ಮೆ ಅಂದಾಜು ತಪ್ಪಿದರೂ ಮುಗಿಯಿತು.

ನಾಳೆ ಬಸ್ಸಿನಲ್ಲಿ ಅವರು ಸಿಗುತ್ತಾರೆ. ನಾನು ತಪ್ಪಾಯಿತು ಎಂದರೆ ಮತ್ತೆ ಹಿಂದೆ ಬಂದಾರು ಎಂಬ ಹೆದರಿಕೆ. ಸುಮ್ಮನಿದ್ದರೆ, ಯಾವತ್ತೋ ಒಬ್ಬಳು ನಿಜವಾಗಿಯೂ ಕೂಗಿಕೊಂಡಾಗ ಅವರು ಕೇಳಿಸದವರಂತೆ ಹೋಗಿಬಿಟ್ಟಾರು ಎಂಬ ಹೆದರಿಕೆ. ಆ ಒಬ್ಬಳು ನಾನೇ ಆಗಿದ್ದರೆ?