ಡೆಕ್ಲನ್ನನ ಹಗ್ಗದ ಕುರ್ಚಿ

ನೆರೆಮನೆಯ ಗೆಳೆಯ ಡೆಕ್ಲನ್ನನಿಗೆ,

ನನ್ನ ಹಿಂದಿನ ಪತ್ರದಲ್ಲಿ ನೀನು ಗುರುವಾರ ರಾತ್ರಿ ತೀರಿಕೊಂಡೆಯೆಂದು ಬರೆದಿದ್ದೆ. ತಪ್ಪಾಗಿದೆ, ಮನ್ನಿಸು. ಸುದ್ದಿ ತಿಳಿಸಿದ ಒಮಾನಿ ಕಾವಲುಗಾರನಿಗೆ ಸೂರ್ಯ ಮುಳುಗಿದೊಡನೆ ಮರುದಿನದ ಆರಂಭ. ಅವನ ಗುರುವಾರದ ರಾತ್ರಿ ನಮಗಿನ್ನೂ ಬುಧವಾರ. ಒಂದು ದಿನ ತಪ್ಪಿದ ಮೇಲೆ ಅದರಿಂದ ಎಣಿಸಿದ ಉಳಿದವೂ ತಪ್ಪಿದವು. ನಿನಗೆ ಕನ್ನಡ ಓದಲು ಬಾರದು, ಬಲ್ಲೆ. ಆದರೆ ನೀನೀಗ ಇರುವಲ್ಲಿ ಭಾಷೆಯ ತೊಡಕು ಇರಲಾರದೆಂದು ನಂಬಿ...

ನೆನಪಿದೆಯೇ, ಒಮಾನಿನ ಅಲ್ ಗುಬ್ರಾದ ನನ್ನ ಈ ಮನೆಯಲ್ಲಿ ನಿನಗೆಂದು ನೀನೇ ಒಂದು ಕುರ್ಚಿ ಹೆಣೆದ ಸಂಜೆ? ಐರ್ಲೆಂಡಿನ ನಿಮ್ಮ ಹಳ್ಳಿಯಲ್ಲಿ ಒಲೆಯ ಪಕ್ಕದ ಕುರ್ಚಿಗೆ ಹುಲ್ಲಿನ ಹಗ್ಗ ಹೊಸೆದು ಹೆಣೆಯುವರಂತೆ. ಇಲ್ಲಿ ಹುಲ್ಲೆಲ್ಲಿಯದು? ನೀನು ಖರ್ಜೂರದ ನಾರಿನ ಹಗ್ಗ ತಂದೆ. "ಜನರು ಒಬ್ಬರ ನೆರಳಿನಲ್ಲಿ ಒಬ್ಬರು ಬಾಳುತ್ತಾರೆ" ಎಂಬ ನಿಮ್ಮ ಗಾದೆಯನ್ನು ಅಂದೇ ಹೇಳಿದೆ. ಬಿಸಿಲೇ ಕಾಣದವರಿಗೆ ನೆರಳಿನ ಗಾದೆ ಏತಕ್ಕೆಂದು ನಾನು ಕೆಣಕಿದೆ.

"ನಮ್ಮದು ಗಾಳಿಗೆ ಅಡ್ಡ ನಿಲ್ಲುವ ನೆರಳು, ಮಾರಾಯ!"

ನನ್ನಿಂದ ನೀನು ಕಲಿತ ಒಂದೇ ಕನ್ನಡದ ಮಾತು 'ಮಾರಾಯ'. ಅದನ್ನು ಒಮ್ಮೆಯೂ ತಪ್ಪಾಗಿ ಬಳಸಲಿಲ್ಲ.

ಮತ್ತೊಂದು ಸಂಜೆ, ಚಹಾ ಕುಡಿಯುತ್ತ ನೀನು ನಿನ್ನ ತಂದೆಯ ಸಾವನ್ನು ನೆನೆದೆ. ಶವಪೆಟ್ಟಿಗೆಯನ್ನು ಎತ್ತಿದೊಡನೆ ಅದಕ್ಕೆ ಆಸರೆಯಾಗಿದ್ದ ಕುರ್ಚಿಗಳನ್ನು ನಿನ್ನ ತಾಯಿ ಮಗುಚಿದರಂತೆ. ಮಗುಚದಿದ್ದರೆ ಸತ್ತವರು ಮರಳಿ ಬಂದು ಕುಳಿತುಬಿಡುವರಂತೆ. "ನನಗೂ ಹಾಗೆ ಮಾಡು" ಎಂದು ನಕ್ಕೆ. ನಿನ್ನನ್ನು ವಿಮಾನದಲ್ಲಿ ಕಳುಹಿಸಿ ಬಂದು, ನಾನು ನಿನ್ನ ಕುರ್ಚಿಯ ಮುಂದೆ ನಿಂತೆ. ಕೈ ಏಳಲಿಲ್ಲ. ಮಗುಚಿದರೆ ಸಂಜೆಯ ಚಹಾಕ್ಕೆ ನನಗೆ ಯಾರಿದ್ದಾರೆ? ನೀನು ನಿಜವಾಗಿಯೂ ಬಂದು ಕುಳಿತುಕೊಳ್ಳುವುದಾದರೆ...

ಇಂದು ಮೇಲಿನ ಮಹಡಿಯ ಇಬ್ರಾಹಿಂ ಬಂದಿದ್ದ. ಪುತ್ತೂರಿನವನು; ಇಲ್ಲಿಯ ವಾದಿ ಅದಾಯ್ ಬಡಾವಣೆಯಲ್ಲಿ ಅವನ ಅಂಗಡಿ. ನಿನ್ನ ಕುರ್ಚಿಯ ಮುಂದೆ ಇಟ್ಟಿದ್ದ ಲೋಟ ಅವನ ಕಣ್ಣಿಗೆ ಬಿತ್ತು.

"ರಾಯರೇ, ಇದು ಯಾರಿಗೆ ಚಾ? ಆರಿ ಹೋಯ್ತಲ್ಲ!"

ಎಲ್ಲವನ್ನೂ ಹೇಳಿದೆ. ಅವನು ತಲೆಯ ಮೇಲೆ ಕೈಯಿಟ್ಟುಕೊಂಡ.

"ಅಲ್ಲ ಮಾರಾಯ್ರೆ, ಕಫೀಲ್ ಧಣಿ ಕೆಲಸದವ್ರ ಪಾಸ್‌ಪೋರ್ಟ್ ಹಿಡಿದಿಟ್ಟ ಹಾಗೆ ನೀವು ಅವ್ರನ್ನು ಹಿಡಿದಿಟ್ಟದ್ದಾ? ಬಿಡಿ, ಪಾಪ. ಅವ್ರಿಗೂ ಊರುಂಟಲ್ವಾ?"

ಅವನು ಹೋದ ಮೇಲೆ ಎದ್ದು, ನಿನ್ನ ಕುರ್ಚಿಯನ್ನು ಮೆಲ್ಲಗೆ ಮಗುಚಿದೆ. ಹೊರಟವರಿಗೆ 'ಹೋಗಿ ಬಾ' ಎನ್ನುವುದು ನಮ್ಮಲ್ಲಿ ರೂಢಿ. ನಾನು 'ಹೋಗು' ಎಂದಷ್ಟೇ ಹೇಳಿದೆ.

ದಿನಗಳನ್ನು ಹೀಗೆ ತಿದ್ದಿಕೊಂಡು ಓದಬೇಕು:

ನೀನು ತೀರಿಕೊಂಡದ್ದು ಗುರುವಾರವಲ್ಲ, ಬುಧವಾರ.
ನಿನ್ನನ್ನು ವಿಮಾನಕ್ಕೇರಿಸಿದ್ದು ಭಾನುವಾರವಲ್ಲ, ಶನಿವಾರ.
ನೀನು ಹೊರಟದ್ದು ಆ ಎರಡು ದಿನವೂ ಅಲ್ಲ. ಇಂದು, ಶುಕ್ರವಾರ, ಸೂರ್ಯ ಮುಳುಗುವ ಮೊದಲು.