ಶಿವಗಂಗವ್ವ ಹೇಳಿದ್ದು, ನಾನು ತಮಗೆ ಹೇಳದೇ ಇದ್ದದ್ದು

ಪುಣೆ, 1936

ಅನಾಥಾಶ್ರಮಗಳ ತಪಾಸಣೆಯ ಮಾನ್ಯ ಸಾಹೇಬರೇ,

ಕಳೆದ ರವಿವಾರ ಯೆರವಡಾ ದಾರಿಯ ಆಶ್ರಮದಲ್ಲಿ ತಮಗೆ ಸಿಕ್ಕ ಉತ್ತರ ಸುಳ್ಳು. ಹೇಳಿದವನು ನಾನೇ.

ಇದನ್ನು ಇಂಗ್ಲಿಷಿನಲ್ಲಿ ಬರೆದು ತಮ್ಮ ಆಫೀಸಿಗೇ ಕಳಿಸಬಹುದಿತ್ತು. ಬರೆದೂ ನೋಡಿದೆ. ‘ಐ ಬೆಗ್ ಟು ಸ್ಟೇಟ್’ ಎಂದು ಶುರುವಾದದ್ದು ಎರಡನೇ ಪ್ಯಾರಾದಲ್ಲೇ ನನ್ನ ಪರ ವಕಾಲತ್ತು ಮಾಡತೊಡಗಿತು. ಹರಿದು ಹಾಕಿ ಕನ್ನಡ ಪತ್ರಿಕೆಗೆ ಕೊಡುತ್ತಿದ್ದೇನೆ. ತಮಗೆ ಓದಿ ಹೇಳಲು ಬೇರೊಬ್ಬ ದುಭಾಷಿ ಬೇಕಾದಾನು. ಅವನಿಗೆ ನನಗಿಂತ ಗಟ್ಟಿ ಗುಂಡಿಗೆ ಇರಲಿ.

ಆ ಆಶ್ರಮದ ವ್ಯವಸ್ಥಾಪಕರೇ ನಮ್ಮ ಹಾಸ್ಟೆಲಿನ ಕಮಿಟಿಯಲ್ಲೂ ಇದ್ದಾರೆ. ನನ್ನ ಪುಕ್ಕಟೆ ಊಟ ಅವರ ಸಹಿಯಿಂದ ನಡೆಯುತ್ತದೆ. “ಅಲ್ಲೊಬ್ಬಾಕಿ ಕಾನಡೀ ಹೆಂಗಸದಾಳ, ನೀ ಬಂದು ಸಾಹೇಬರಿಗೆ ತಿಳಿಸಿ ಹೇಳು” ಎಂದು ಮರಾಠಿಯಲ್ಲಿ ಹೇಳಿ ಕರೆದೊಯ್ದರು. ಬಾಗಲಕೋಟೆ ಕಡೆಯ ಶಿವಗಂಗವ್ವ. ನಲವತ್ತರ ಆಸುಪಾಸು, ಎರಡೂ ಕಣ್ಣಿಲ್ಲ. ಗಂಡ ಸತ್ತ ಮೇಲೆ ಮೈದುನ ತಂದು ಬಿಟ್ಟು ಹೋದವನು ತಿರುಗಿ ಬಂದಿಲ್ಲ.

“ಏನಾದರೂ ದೂರಿದೆಯೇ?” ಎಂದು ತಾವು ನನ್ನಿಂದ ಕೇಳಿಸಿದಿರಿ. ಆಕೆ ನನ್ನ ತೋಳು ಹುಡುಕಿ ಹಿಡಿದಳು.

“ತಮ್ಮಾ, ದೀಪ ಹಚ್ಚಿದ ಮ್ಯಾಲೆ ಗೋದಾಬಾಯಿ ನೀರು ಕೊಡೂದಿಲ್ಲ. ಕುಡದ್ರ ಎದ್ದು ಹೊರಗ ಹೋಗಬೇಕಲ್ಲ, ಕರಕೊಂಡು ಹೋಗಾಕ ಆಕಿಗೆ ಬ್ಯಾಸರ. ಬೇಡಿದ್ರ ಕೈ ಮಂಚಕ್ಕ ಕಟ್ತಾಳ. ಸಾಹೇಬ್ರಿಗೆ ಹೇಳಪಾ.”

ಆಯಾ ಗೋದಾಬಾಯಿ ಆಕೆಯ ಬೆನ್ನ ಹಿಂದೆಯೇ ನಿಂತಿದ್ದಳು. ವ್ಯವಸ್ಥಾಪಕರು ನನ್ನನ್ನೇ ನೋಡುತ್ತಿದ್ದರು. ನಾನು ತಮಗೆ ಹೇಳಿದ್ದು: “ನೋ ಕಂಪ್ಲೇಂಟ್ಸ್, ಸರ್. ಸ್ವಲ್ಪ ನೀರು ಬೇಕಂತೆ.”

ಎಂಥ ಕರುಣೆ ತಮ್ಮದು! ತಾವೇ ಲೋಟ ತರಿಸಿ ಆಕೆಯ ಕೈಗಿಟ್ಟಿರಿ. ವ್ಯವಸ್ಥಾಪಕರ ಕಣ್ಣು ತೇವವಾದವು. ನನಗೆ “ವೆಲ್ ಡನ್, ಯಂಗ್ ಮ್ಯಾನ್” ಸಿಕ್ಕಿತು. ಆಕೆ ಗಟಗಟ ಕುಡಿದು, “ಎಲ್ಲಾ ಹೇಳಿದಿಯಲ್ಲ? ಸಾಹೇಬ್ರು ಏನಂದ್ರು?” ಎಂದಳು.

“ಇನ್ನ ಮ್ಯಾಲೆ ಕೊಡ್ತಾರಂತ, ಯವ್ವಾ” ಎಂದೆ.

ನನ್ನ ಹೇಡಿತನ ನನ್ನದೇ. ಅದನ್ನು ತಮ್ಮ ತಲೆಗೆ ಕಟ್ಟುವುದಿಲ್ಲ. ಆದರೆ ಕೇಳುತ್ತೇನೆ: ಎಂಟು ದಿನ ಮೊದಲೇ ತಿಳಿಸಿ ಹೋಗುವುದಕ್ಕೆ ತಪಾಸಣೆ ಎನ್ನಬೇಕೋ, ಬೀಗರ ಭೇಟಿ ಎನ್ನಬೇಕೋ? ಗೋಡೆಯ ಸುಣ್ಣ ಇನ್ನೂ ಕೈಗೆ ಹತ್ತುತ್ತಿದ್ದುದು ತಮಗೆ ಕಾಣಲಿಲ್ಲವೇ? ಕಟ್ಟಿಹಾಕುವವರನ್ನು ಬೆನ್ನ ಹಿಂದೆ ನಿಲ್ಲಿಸಿಕೊಂಡು ದೂರು ಹೇಳೆಂದರೆ, ಕಣ್ಣಿದ್ದವರು ಯಾರು ಬಾಯಿ ಬಿಟ್ಟಾರು? ಆಕೆಗೆ ಕಾಣದ್ದರಿಂದ ಹೇಳಿದಳು. ನನಗೆ ಕಾಣುತ್ತಿದ್ದುದರಿಂದ ನಾನು ಹೇಳಲಿಲ್ಲ. ಅದೇ ದಾರಿಯಲ್ಲಿರುವ ಯೆರವಡಾ ಜೇಲಿನ ಕೈದಿಗೆ ತನ್ನ ಅಪರಾಧವಾದರೂ ಗೊತ್ತಿರುತ್ತದೆ. ಈಕೆಯದು ಯಾವುದು, ಕಣ್ಣು ಹೋದದ್ದೋ, ನೀರಡಿಕೆಯಾದದ್ದೋ?

ತಾವು ಮತ್ತೆ ಹೋಗಬೇಕು. ಹೇಳದೆ ಕೇಳದೆ, ದೀಪ ಹಚ್ಚಿದ ಮೇಲೆ. ಆಯಾಳನ್ನೂ ವ್ಯವಸ್ಥಾಪಕರನ್ನೂ ಹೊರಗೆ ನಿಲ್ಲಿಸಿ, ಕನ್ನಡ ಬಲ್ಲ ಒಬ್ಬ ಹೆಣ್ಣುಮಗಳನ್ನು ಕರೆದೊಯ್ದು ಕೇಳಬೇಕು. ಆಕೆಯ ಮಣಿಕಟ್ಟು ನೋಡಬೇಕು. ನಾನೂ ಬರುತ್ತೇನೆ, ತಿಳಿಸಿ ಹೇಳಲಿಕ್ಕಲ್ಲ, ಆಕೆಯ ಮುಂದೆ ನನ್ನ ಸುಳ್ಳು ಒಪ್ಪಿಕೊಳ್ಳಲಿಕ್ಕೆ. ಹಾಸ್ಟೆಲು ಬಿಡಿಸಿದರೆ ಬಿಡಿಸಲಿ.

ತಡಮಾಡಬೇಡಿರಿ. ತಮ್ಮ ಅಪ್ಪಣೆಯಾಗಿದೆ ಎಂದು ನಂಬಿ ಆಕೆ ಇವತ್ತು ಸಂಜೆಯೂ ಧೈರ್ಯದಿಂದ ನೀರು ಕೇಳುತ್ತಾಳೆ.

ಇಂತಿ,
ತಮ್ಮಿಂದ ಶಾಭಾಸ್ ಎನ್ನಿಸಿಕೊಂಡ ದುಭಾಷಿ,
ರಘುರಾಮ, ಕಾಲೇಜಿನ ಮೊದಲ ವರ್ಷ