ಸ್ಯಾಂಕ್ಷನ್ ಆದ ರಸ್ತೆ

ಸ್ಟಾಕ್‌ಪೋರ್ಟ್,
8 ಮಾರ್ಚ್ 2026, ಭಾನುವಾರ

ಚಿ. ಸೌ. ಹರ್ಷಿತಾಳಿಗೆ,

ಅಮ್ಮ ಮಾಡುವ ಆಶೀರ್ವಾದಗಳು. ನಾವಿಬ್ಬರೂ ಇಲ್ಲಿ ಕ್ಷೇಮ ಅಂತ ಬರೆಯುವುದು ವಾಡಿಕೆ. ಬರೆದಿದ್ದೇನೆ ಅಂತ ತಿಳಿದುಕೋ. ನಿನ್ನ ಕ್ಷೇಮಸಮಾಚಾರ ಕೇಳುವುದಕ್ಕೆ ನನಗೆ ಬಾಯಿ ಬರುವುದಿಲ್ಲ. ಹೊತ್ತುಹೊತ್ತಿಗೆ ಊಟ ಮಾಡುತ್ತಿದ್ದೀಯಾ, ಅಷ್ಟು ಹೇಳು ಸಾಕು. ಆ ಸೀರಿಯಲ್ ಡಬ್ಬಿಯನ್ನು ಊಟದ ಲೆಕ್ಕಕ್ಕೆ ಹಿಡಿಯಬೇಡ.

ಕಾಗದ ತಡವಾಯಿತು, ಬೈಕೋಬೇಡ. ಸಂಕ್ರಾಂತಿ ಕಳೆದ ಮೇಲೆ ಬರೆಯೋಣ ಅಂತ ಕೂತವಳು, ಈಗ ನೋಡಿದರೆ ಯುಗಾದಿ ಬಾಗಿಲಿಗೆ ಬಂದಿದೆ. ನಿನ್ನ ಹೆಸರಿರುವ ಮೇಲಿನ ಸಾಲು ಯಾರ ಅಕ್ಷರ ಅಂತ ನಿನಗೆ ಹೇಳಬೇಕಾಗಿಲ್ಲ. ನೀನು ಲೀಡ್ಸ್‌ನಲ್ಲಿ ಓದುವಾಗ ಹೆಡಿಂಗ್ಲೀ ರೂಮಿಗೆ ಕಾಗದ ಹಾಕುತ್ತಿದ್ದ ಕಾಲದಿಂದಲೂ ನಮ್ಮ ಮನೆಯ ಪದ್ಧತಿ ಅದೇ ತಾನೆ? ಕಾಗದದ ತಲೆ ನಿಮ್ಮಪ್ಪನದು, ಮಿಕ್ಕಿದ್ದೆಲ್ಲ ನನ್ನದು. "ಮಗಳು ಕನ್ನಡ ಓದೋದು ಮರೀಬಾರ್ದು" ಅಂತ ಅವರು ಹಟ ಹಿಡಿದಾಗ ನಾನು ನಗುತ್ತಿದ್ದೆ. ಫೋನಿನಲ್ಲಿ ಹೇಳಲಾಗದ್ದನ್ನು ಹೇಳುವುದಕ್ಕೆ ಈಗ ಇದೊಂದೇ ದಾರಿ ಉಳಿದಿದೆ. ಈ ಸಲ ತಡವಾದದ್ದೂ ಆ ಒಂದು ಸಾಲಿನಿಂದಲೇ. ಅದನ್ನು ಕೊನೆಗೆ ಹೇಳುತ್ತೇನೆ, ಈಗಲೇ ಹೇಳಿದರೆ ಮುಂದೆ ಬರೆಯಲಾರೆ.

ನೀನು ನನ್ನ ಹತ್ತಿರ ಐದು ನಿಮಿಷ ಮಾತಾಡಿ "ಆಮೇಲೆ ಮಾಡ್ತೀನಮ್ಮ" ಅಂತೀಯ. ಅಪ್ಪನ ಫೋನಂತೂ ಎತ್ತುವುದೇ ಇಲ್ಲ. ಅವರು ಈಗ ಹೊಸ ಉಪಾಯ ಕಂಡುಕೊಂಡಿದ್ದಾರೆ, ಗೊತ್ತೇ? ಲ್ಯಾಂಡ್‌ಲೈನಿನಿಂದ ಮಾಡುತ್ತಾರೆ, ನಾನು ಅಂದುಕೊಂಡು ನೀನು ಎತ್ತಬಹುದು ಅಂತ. ರಿಂಗ್ ಆಗುತ್ತಿದ್ದ ಹಾಗೇ ಇಟ್ಟುಬಿಡುತ್ತಾರೆ. "ಯಾಕ್ರೀ ಇಟ್ರಿ?" ಅಂದರೆ, "ಎತ್ತಿಬಿಟ್ರೆ ಏನು ಹೇಳ್ಲಿ?" ಅನ್ನುತ್ತಾರೆ. ಇಂಥವರನ್ನು ಕಟ್ಟಿಕೊಂಡು ಏಗುತ್ತಿದ್ದೇನೆ ನೋಡು.

ಇಲ್ಲಿ ವಿಶೇಷ ಏನಿಲ್ಲ. ಕೌನ್ಸಿಲ್ ಟ್ಯಾಕ್ಸ್ ಮತ್ತೆ ಏರಿದೆ, ಕಸದ ಗಾಡಿಯವರು ಮಾತ್ರ ತಮಗೆ ಮನಸ್ಸು ಬಂದಾಗ ಬರುತ್ತಾರೆ. ಎದುರುಮನೆ ಇಸ್ಮತ್ ಆಂಟಿ ದಿನಕ್ಕೊಂದು ಸಲ ಬಂದು ಹೋಗುತ್ತಾಳೆ. ರಿಟೈರ್ ಆದರೂ ಡಾಕ್ಟರ್‌ಗಿರಿ ಬಿಟ್ಟಿಲ್ಲ. ಬಂದವಳೇ ಮೊದಲು ನಿಮ್ಮಪ್ಪನ ಮುಖ ನೋಡುತ್ತಾಳೆ, ಆಮೇಲೆ ತಂದ ಡಬ್ಬಿ ಕೊಡುತ್ತಾಳೆ. "ಅರೆ ಲೀಲಾ, ನಿಮ್ಮ ಮನೇಲಿ ಒಗ್ಗರಣೆ ವಾಸ್ನೆ ಬಂದು ಎಷ್ಟು ದಿನ ಆಯ್ತು?" ಅಂತ ಮೊನ್ನೆ ಗದರಿದಳು. ಅಳಿಯ ಹೋದರೆ ಹುಡುಗಿಯ ತಂದೆತಾಯಿಗೆ ವರ್ಷವೆಲ್ಲ ಹಬ್ಬ ಬಿಡಬೇಕು ಅಂತ ಶಾಸ್ತ್ರವೇನೂ ಇಲ್ಲ. ಶಾಸ್ತ್ರ ಯಾರಿಗೆ ಬೇಕು, ಮಗು? ಈ ಸಲ ನಮ್ಮ ಮನೆಯಲ್ಲಿ ಒಬ್ಬಟ್ಟಿಲ್ಲ.

ಅಳಿಯಂದಿರು ಹೋಗಿ ನಾಲ್ಕು ತಿಂಗಳಾಯಿತು. ನನಗೆ ಈಗಲೂ ಶನಿವಾರ ಸಂಜೆ ಬಂತೆಂದರೆ ಅವರ ದನಿ ಕಿವಿಯಲ್ಲಿ ಬಂದ ಹಾಗಾಗುತ್ತದೆ. ವಿಡಿಯೋ ಕಾಲ್ ಶುರುವಾಗುತ್ತಿದ್ದ ಹಾಗೇ, ನಮಸ್ಕಾರಕ್ಕೂ ಮೊದಲು, "ಮಾವ, ನಿಮ್ಮ ರೋಡು ಎಲ್ಲಿಗೆ ಬಂತು?" ಅಂತ ಕಿಚಾಯಿಸುತ್ತಿದ್ದರಲ್ಲ! ನಿಮ್ಮಪ್ಪ ಕನ್ನಡಕ ಸರಿಮಾಡಿಕೊಂಡು, "ಬರುತ್ತೆ ಶ್ರೀಕಾಂತ್, ಬರುತ್ತೆ. ಸ್ಯಾಂಕ್ಷನ್ ಆಗಿದೆ" ಅನ್ನುತ್ತಿದ್ದರು. ನೀನು ಹಿಂದಿನಿಂದ "ಶುರುವಾಯ್ತಪ್ಪ" ಅಂತ ನಗುತ್ತಿದ್ದೆ. ನಾವು ನಾಲ್ಕೂ ಜನ ನಕ್ಕ ಮಾತು ಅದು.

ಆ ಮಾತು ಎಲ್ಲಿಂದ ಬಂತು ಅಂತ ನಿನಗೆ ಗೊತ್ತು, ಆದರೂ ಇನ್ನೊಂದು ಸಲ ಕೇಳು. ನೀವು ಅಲ್ಲಿ, ಕಡಲಾಚೆ, ಮನೆ ಹುಡುಕುತ್ತಿದ್ದಾಗ ಅಳಿಯಂದಿರಿಗೆ ಸಿಟಿಯಲ್ಲೇ, ಆಫೀಸಿನ ಹತ್ತಿರವೇ ಫ್ಲಾಟ್ ತೆಗೆದುಕೊಳ್ಳುವ ಮನಸ್ಸಿತ್ತು. ದೂರದ ಊರಿನ ಆ ಮನೆ ನಿನಗೆ ಹಿಡಿಸಿತ್ತು, ರಸ್ತೆಯದೇ ಯೋಚನೆ. ಎರಡೇ ಲೇನು, ನಡುವೆ ಡಿವೈಡರ್ ಇಲ್ಲ, ಲಾರಿಗಳ ಓಡಾಟ ಬೇರೆ. ಅಪ್ಪನನ್ನು ಕೇಳಿದಿರಿ. ಅವರು ನಿಮ್ಮ ದೇಶದ ಫೆಡರಲ್ ಕಾನೂನು ತೆಗೆದು ನೋಡಿದರು. ಅದರಲ್ಲಿ ಆದ್ಯತೆಯ ಹೆದ್ದಾರಿ ಕಾರಿಡಾರ್‌ಗಳು ಅಂತ ಒಂದು ಪಟ್ಟಿ, ಆ ಪಟ್ಟಿಯಲ್ಲಿ ನಿಮ್ಮ ರಸ್ತೆ. "ಡೆಸಿಗ್ನೇಟೆಡ್" ಅಂತ ಬರೆದಿತ್ತು. ದಾವಣಗೆರೆಯ ಪಿಡಬ್ಲ್ಯುಡಿ ಆಫೀಸಿನಲ್ಲಿ ಅರ್ಧ ಆಯುಸ್ಸು ಕಳೆದ ಮನುಷ್ಯ ಅದನ್ನು ಏನಂತ ಓದಿಯಾನು? "ಸೆಂಟ್ರಲ್ ಗವರ್ನಮೆಂಟು ಕಾನೂನಲ್ಲೇ ಹೆಸರು ಹಾಕಿದೆ ಅಂದ್ಮೇಲೆ ಸ್ಯಾಂಕ್ಷನ್ ಆದ ಹಾಗೇ. ನಾಲ್ಕು ಲೇನ್ ಬರುತ್ತೆ, ಧೈರ್ಯವಾಗಿ ತಗೊಳ್ಳಿ" ಅಂದರು. ನೀವು ತೆಗೆದುಕೊಂಡಿರಿ. ನಾಲ್ಕು ಲೇನೂ ಬರಲಿಲ್ಲ, ಡಿವೈಡರೂ ಬರಲಿಲ್ಲ. ಯಾವನೋ ಮುಂದಿನ ಗಾಡಿಯನ್ನು ಹಿಂದೆ ಹಾಕಲು ಹೋಗಿ ಲಾರಿಯನ್ನು ಅಳಿಯಂದಿರ ಕಡೆಗೆ ತಂದ.

ಇದರ ಮೇಲೆ ನಾನು ಬರೆಯಲಾರೆ. ನಾಳೆ ನಾಳಿದ್ದರಲ್ಲಿ ಮುಂದುವರಿಸುತ್ತೇನೆ.

ಮಂಗಳವಾರ

ಹರ್ಷಿ, ನಿನ್ನ ಮೇಲೆ ನನಗೆ ಕೋಪ ಇಲ್ಲ ಅಂದರೆ ಸುಳ್ಳಾಗುತ್ತದೆ. ಕೋಪ ಮಾಡಿಕೊಳ್ಳುವುದಕ್ಕೆ ನನಗೇನು ಹಕ್ಕು ಅಂತಲೂ ಅನ್ನಿಸುತ್ತದೆ. ಕರ್ಮಗಳೆಲ್ಲ ಮುಗಿದ ದಿನ, ನಿನ್ನ ಅಡುಗೆಮನೆಯಲ್ಲಿ, ನಿಮ್ಮಪ್ಪ ಸೋರುತ್ತಿದ್ದ ನಲ್ಲಿ ಬಿಗಿ ಮಾಡಿ ಕೈ ಒರೆಸಿಕೊಳ್ಳುತ್ತಾ "ಇನ್ನೇನಾದ್ರೂ ಮಾಡ್ಲಾ ಪುಟ್ಟ?" ಅಂತ ಕೇಳಿದರು. ನೀನು ತಿರುಗಿ ನೋಡಿ, "ನಿಮ್ಮ ಸ್ಯಾಂಕ್ಷನ್ ಎಲ್ಲಿ ಅಪ್ಪ? ಅದನ್ನ ತಂದ್ಕೊಡಿ" ಅಂದೆ. ಕೂಗಲಿಲ್ಲ ನೀನು, ಕೂಗಿದ್ದರೆ ಚೆನ್ನಾಗಿತ್ತು. ಅವರು ಆ ಟವೆಲನ್ನು ಹಾಗೇ ಹೆಗಲ ಮೇಲೆ ಹಾಕಿಕೊಂಡು ಏರ್‌ಪೋರ್ಟ್‌ವರೆಗೂ ಬಂದಿದ್ದರು. ಅದು ಈಗ ನಮ್ಮ ಅಡುಗೆಮನೆಯಲ್ಲಿದೆ. ಕೈ ಒರೆಸಿಕೊಳ್ಳುವುದಕ್ಕೆ ನನಗೂ ಬಿಡುವುದಿಲ್ಲ.

ಅವರು ಈಗ ಕಾರು ಮುಟ್ಟುವುದಿಲ್ಲ. ಜನವರಿಯಲ್ಲಿ ಒಂದು ಸಂಜೆ ಹಾಲು ತರುತ್ತೇನೆ ಅಂತ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಇಸ್ಮತ್ ಆಂಟಿಯ ಯಜಮಾನರು ರಊಫ್ ಭಾಯಿ ಹುಡುಕಿಕೊಂಡು ಹೋದರೆ, ಮೋಟರ್‌ವೇ ಮೇಲಿನ ಕಾಲುಸೇತುವೆಯಲ್ಲಿ ನಿಂತಿದ್ದಾರೆ, ಜಿನುಗು ಮಳೆಯಲ್ಲಿ, ಕೈಯಲ್ಲಿ ಹಾಲಿನ ಕ್ಯಾನ್ ಹಿಡಿದುಕೊಂಡು. ಮನೆಗೆ ಕರೆತಂದ ಮೇಲೆ ಬೈದೆ, ಅತ್ತೆ, ಮತ್ತೆ ಬೈದೆ. ಅವರು ಹೇಳಿದ್ದು ಇಷ್ಟೇ: "ಏನೂ ಮಾಡ್ಕೊಳ್ಳಕ್ಕೆ ಹೋಗಿರ್ಲಿಲ್ಲ ಕಣೆ. ನಡುವಿನ ಬ್ಯಾರಿಯರ್ ನೋಡ್ತಿದ್ದೆ. ಅಷ್ಟೇ ಅಷ್ಟು ಎತ್ತರ. ನಾಲ್ಕು ಲೇನೂ ಬೇಕಿರ್ಲಿಲ್ಲ, ಅದೊಂದಿದ್ರೆ ಸಾಕಾಗಿತ್ತು." ಇಸ್ಮತ್ ಮರುದಿನವೇ ನಮ್ಮ ಜಿಪಿ ಡಾಕ್ಟರ ಹತ್ತಿರ ಜಗಳವಾಡಿ ಅಪಾಯಿಂಟ್‌ಮೆಂಟ್ ಕೊಡಿಸಿದಳು. ಮಾತ್ರೆ ನುಂಗುತ್ತಾರೆ, ನಿದ್ದೆ ಮಾಡುತ್ತಾರೆ, ಎದ್ದು ಕೂರುತ್ತಾರೆ. ಅದಕ್ಕಿಂತ ಹೆಚ್ಚಿಗೆ ಏನೂ ಇಲ್ಲ.

ಇದ್ದಕ್ಕಿದ್ದ ಹಾಗೆ ಅವರಿಗೆ ಜೀವ ಬಂದದ್ದು ಕಳೆದ ತಿಂಗಳು, ನೀನು ಫೋನಿನಲ್ಲಿ ಆ ಸಭೆಯ ಸುದ್ದಿ ಹೇಳಿದ ದಿನ. ಸ್ಪೀಕರ್ ಹಾಕಿದ್ದೆ, ನಿನಗೆ ಹೇಳಿರಲಿಲ್ಲ. "ಹೊಸ ಹೈವೇ ಕಾನೂನು ಬರ್ತಿದೆಯಂತಮ್ಮ, ನಮ್ಮ ರೋಡನ್ನ ಮತ್ತೆ ಪ್ರಯಾರಿಟಿ ಕಾರಿಡಾರ್ ಅಂತ ಸೇರಿಸ್ತಾರಂತೆ. ಏಪ್ರಿಲ್‌ನಲ್ಲಿ ಊರಿನೋರ ಅಭಿಪ್ರಾಯ ಕೇಳ್ತಾರೆ. ನಾನು ಹೋಗಿ ಶ್ರೀ ಹೆಸ್ರು ಹೇಳಿ ಮಾತಾಡ್ತೀನಿ" ಅಂದೆಯಲ್ಲ? ನಿಮ್ಮಪ್ಪ ತಟ್ಟೆ ಬಿಟ್ಟು ಎದ್ದರು. ಮರುದಿನ ಬೆಳಿಗ್ಗೆಯಿಂದ ಕಂಪ್ಯೂಟರ್ ಮುಂದೆ. ಆ ದೇಶದ ಕಾನೂನೆಲ್ಲ ಪರೀಕ್ಷೆಗೆ ಓದಿದ ಹಾಗೆ ಓದಿದರು. ಆಮೇಲೆ ನನ್ನನ್ನು ಊಟದ ಟೇಬಲ್ಲಿಗೆ ಕರೆದು ಕೂರಿಸಿದರು.

"ಲೀಲಾ, ಡೆಸಿಗ್ನೇಟ್ ಅಂದ್ರೆ ಸ್ಯಾಂಕ್ಷನ್ ಅಲ್ಲ" ಅಂದರು. "ಅದು ಬರೀ ಹೆಸರು. ಮದುವೆ ಪತ್ರಿಕೇಲಿ ಹೆಸರು ಹಾಕಿಸಿದ ಹಾಗೆ. ಹೆಸರಿದ್ದೋರಿಗೆಲ್ಲ ಎಲೆ ಹಾಕಿರ್ತಾರೆ ಅಂತೇನಿಲ್ಲ. ದುಡ್ಡು ಬೇರೆ ಕಡೆಯಿಂದ ಬರಬೇಕು, ಆ ರಾಜ್ಯದೋರು ತಮ್ಮ ಯೋಜನೇಲಿ ಬೇರೆ ಸೇರಿಸಬೇಕು. ನಾನು ಅದನ್ನ ನಮ್ಮ ಆಫೀಸಿನ ಭಾಷೇಲಿ ಓದಿಬಿಟ್ಟೆ."

ನಿನಗೆ ನೆನಪಿದೆಯೇ, ಮ್ಯಾಂಚೆಸ್ಟರ್ ಆಫೀಸಿಗೆ ಅವರು ಸೇರಿದ ಹೊಸದರಲ್ಲಿ ಮೀಟಿಂಗಿನಲ್ಲಿ "ಕಂಟ್ರಾಕ್ಟರನ್ನು ಸ್ಯಾಂಕ್ಷನ್ ಮಾಡಿದೆ" ಅಂದುಬಿಟ್ಟು ಎಲ್ಲರ ಮುಖ ಸಪ್ಪಗಾದದ್ದು? ನಮ್ಮ ಕಡೆ ಸ್ಯಾಂಕ್ಷನ್ ಅಂದರೆ ಮಂಜೂರು; ಇಲ್ಲಿಯವರು ಪಾಪ, ಏನು ತಪ್ಪು ಮಾಡಿದ ಅಂತ ಅವನಿಗೆ ದಂಡನೆ ವಿಧಿಸಿದರೋ ಅಂತ ಗಾಬರಿಯಾಗಿದ್ದರು. ನೀನು ಆಗ ಹೈಸ್ಕೂಲು, ವಾರಗಟ್ಟಲೆ ಅಪ್ಪನನ್ನು ಆಡಿಕೊಂಡಿದ್ದೆ. "ಅಪ್ಪ, ನನಗೆ ಐಸ್‌ಕ್ರೀಮ್ ಸ್ಯಾಂಕ್ಷನ್ ಮಾಡಿ, ಬೈಬೇಡಿ!" ಅನ್ನುತ್ತಿದ್ದೆ. ಅದನ್ನೇ ನಾನು ನೆನಪಿಸಿದೆ, ಸ್ವಲ್ಪ ನಗಲಿ ಅಂತ. ನಗಲಿಲ್ಲ. "ಇಲ್ಲಿಯೋರ ಅರ್ಥವೇ ಸರಿ ಕಣೆ. ನಾನು ಸ್ಯಾಂಕ್ಷನ್ ಅಂದದ್ದು ಮಗುವಿಗೆ ಶಿಕ್ಷೆಯೇ ಆಯ್ತು" ಅಂದರು. ನಾನು ಯಾಕಾದರೂ ಬಾಯಿ ತೆಗೆದೆನೋ.

ಈಗ ವಿಷಯಕ್ಕೆ ಬರುತ್ತೇನೆ. ಈ ಕಾಗದವನ್ನು ಟ್ರ್ಯಾಕ್ಡ್ ಪೋಸ್ಟಿನಲ್ಲಿ ಕಳಿಸುತ್ತಿರುವುದೇ ಇದಕ್ಕೆ, ಸಭೆಗೆ ಮೊದಲು ನಿನ್ನ ಕೈ ಸೇರಲಿ ಅಂತ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ: "ಅವಳಿಗೆ ಹೇಳು, ಹೆಸರು ಸೇರಿಸಿ ಅಂತ ಕೇಳಬೇಡ. ಹೆಸರು ಸುಲಭವಾಗಿ ಕೊಡ್ತಾರೆ. ಬ್ಯಾರಿಯರ್ ಕೇಳು. ಯಾರ ದುಡ್ಡು, ಯಾವ ವರ್ಷ ಅಂತ ಬಾಯಿಬಿಟ್ಟು ಹೇಳಿಸು. ವರ್ಷ ಹೇಳದೆ ಬರೀ ಕಾರಿಡಾರ್ ಅಂದ್ರೆ ಚಪ್ಪಾಳೆ ತಟ್ಟಬೇಡ. ಶ್ರೀಕಾಂತ್ ಹೆಸರು ಹೇಳಿದ ಮೇಲೆ ಅವಳು ಬರೀ ಒಂದು ಪದ ಹಿಡ್ಕೊಂಡು ಮನೆಗೆ ವಾಪಸ್ ಬರಬಾರ್ದು. ನನ್ನ ಹಾಗೆ ಮೋಸ ಹೋಗಬಾರ್ದು."

ನೀನು ಅವರನ್ನು ಕ್ಷಮಿಸು ಅಂತ ನಾನು ಕೇಳುವುದಿಲ್ಲ. ಅದು ನಿನ್ನ ಮನಸ್ಸಿಗೆ ಬಿಟ್ಟದ್ದು, ಅಮ್ಮ ಅಂತ ಹೇಳಿ ಕಿತ್ತುಕೊಳ್ಳುವ ವಸ್ತುವಲ್ಲ. ಆದರೆ ಆ ಸಭೆಯಲ್ಲಿ ಏನು ಕೇಳಬೇಕು ಅನ್ನುವ ವಿಷಯಕ್ಕಾದರೂ ಒಂದು ಸಲ ಅವರಿಗೆ ಫೋನ್ ಮಾಡು. ಮಗಳಾಗಿ ಬೇಡ, ಇಂಜಿನಿಯರನ್ನು ಕೇಳುವ ಹಾಗೆ ಕೇಳು. ಅವರು ರಸ್ತೆಯ ಮಾತು ಬಿಟ್ಟು ಬೇರೆ ಆಡುವುದಿಲ್ಲ, ನಾನು ಪಕ್ಕದಲ್ಲೇ ಕೂತಿರುತ್ತೇನೆ. ಲ್ಯಾಂಡ್‌ಲೈನು ಎರಡು ಸಲ ರಿಂಗಾಗಿ ನಿಂತರೆ ಅದು ಯಾರು ಅಂತ ಈಗ ನಿನಗೆ ಗೊತ್ತಾಯಿತಲ್ಲ, ತಿರುಗಿ ಮಾಡು.

ಆ ಮನೆಯಲ್ಲಿ ಒಬ್ಬಳೇ ಇದ್ದೀಯ ಅನ್ನುವುದನ್ನು ನೆನೆದರೆ ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟುಬಿಡುತ್ತೇನೆ. ಬಾ ಅಂದರೆ ಬರುವುದಿಲ್ಲ, ಬರ್ತೀವಿ ಅಂದರೆ ಬೇಡ ಅಂತೀಯ. ಆಯಿತು, ನಿನ್ನಿಷ್ಟ. ಆಫೀಸಿಗೆ ಹೋಗುವಾಗ ಆ ರಸ್ತೆಯಲ್ಲಿ ಹೋಗಬೇಡ, ಸುತ್ತಾದರೂ ಇನ್ನೊಂದು ದಾರಿಯಲ್ಲಿ ಹೋಗು, ಇಷ್ಟು ನನಗೋಸ್ಕರ. ಚೆನ್ನಾಗಿರು ಅನ್ನುವ ಹರಕೆಯೇ ಸದ್ಯಕ್ಕೆ ದೊಡ್ಡದಾಯಿತು. ಇರು ಮಗು, ಸುಮ್ಮನೆ ಇರು, ನಮಗೋಸ್ಕರ ಇರು.

ನಿನ್ನ,
ಅಮ್ಮ
(ಲೀಲಾವತಿ)

ಮರೆತ ಮಾತು: ಮರೆತದ್ದಲ್ಲ, ಹೇಳುವುದಕ್ಕೆ ಹಿಂಜರಿದದ್ದು. ಕಾಗದದ ತಲೆಯಲ್ಲಿ ಆ "ಸೌ." ನೋಡಿ, ಅಮ್ಮನಿಗೆ ಅಷ್ಟೂ ತಿಳಿಯದೇ ಅಂತ ನಿನಗೆ ಅನ್ನಿಸಿರುತ್ತದೆ. ನಿನ್ನ ಮದುವೆಯಾದ ಮೇಲೆ ಮೊದಲ ಕಾಗದಕ್ಕೆ "ಚಿ." ಪಕ್ಕದಲ್ಲಿ "ಸೌ." ಸೇರಿಸಿದಾಗ ನಿಮ್ಮಪ್ಪ ನನ್ನನ್ನು ಒಲೆಯ ಮುಂದಿನಿಂದ ಎಬ್ಬಿಸಿ ತಂದು ತೋರಿಸಿದ್ದರು. ಈ ಸಲ ಹಾಳೆ ಕೊಟ್ಟಾಗ ನಾನು ಮೊದಲೇ ಹೇಳಿದ್ದೆ, "ರೀ, ಬರೀ ಚಿ. ಅಂತ ಬರೀರಿ" ಅಂತ. ತಲೆ ಆಡಿಸಿದರು, ಬರೆದದ್ದು ಮಾತ್ರ ಇದೇ. ಅದನ್ನು ಹರಿದು ಬೇರೆ ಹಾಳೆ ಕೊಟ್ಟೆ. ಅದರ ಮೇಲೂ ಇದೇ. ಜನವರಿ, ಫೆಬ್ರವರಿ ಎಲ್ಲ ಹೀಗೇ ಹೋಯಿತು. ಮೊನ್ನೆ ನನಗೂ ತಾಳ್ಮೆ ಕೆಟ್ಟು, "ಆ ಸೌ. ಮೇಲೆ ಒಂದು ಗೆರೆ ಎಳೀರಿ, ಅಷ್ಟೇ ತಾನೆ" ಅಂದೆ. ಪೆನ್ನನ್ನು ಹಾಳೆಯ ಪಕ್ಕಕ್ಕಿಟ್ಟರು. ಆಮೇಲೆ ನನ್ನ ಮುಖ ನೋಡಿ, "ಅದನ್ನೂ ನಾನೇ ಅಳಿಸಬೇಕೇನೆ, ಲೀಲಾ?" ಅಂದರು.